ಸ್ಟೇರಿಂಗ್ ಹಿಡಿದವನೊಬ್ಬನೇ?



ವಕೀಲರ ಸಭೆಯ ಅಧ್ಯಕ್ಷರಾದವರು ನ್ಯಾಯಾಂಗದ ಭವಿಷ್ಯದ ಬಗ್ಗೆ ಮಾತಾಡುವುದು ವಾಡಿಕೆ. ನಾನು ನಮ್ಮ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ದಿನಬೆಳಗಾದರೆ ಕೂಗಿಸಿಕೊಳ್ಳುವ ಕೇಸಿನ ಬಗ್ಗೆಯೇ ಮಾತಾಡುತ್ತೇನೆ. ಕೊಲ್ಲುವ ಮನಸ್ಸು ಯಾರಿಗೂ ಇರಲಿಲ್ಲ, ಆದರೂ ಜನ ಸತ್ತರು ಎಂಬ ಕೇಸು. ಮೊದಲು ಭಾರತೀಯ ದಂಡ ಸಂಹಿತೆಯ 304ಎ ಅನ್ನುತ್ತಿದ್ದೆವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106.

2025ರ ಜನವರಿ 22, ಬುಧವಾರ. ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಹೇರಿಕೊಂಡು ಹೊರಟ ಲಾರಿ ಯಲ್ಲಾಪುರ ತಾಲೂಕಿನ ಅರಬೈಲ್ ಘಟ್ಟದಲ್ಲಿ ಕಂದಕಕ್ಕೆ ಉರುಳಿತು. ಮಾಲಿನ ಜೊತೆಗೇ ಹೊರಟಿದ್ದವರಲ್ಲಿ ಹತ್ತು ಮಂದಿ ತೀರಿಕೊಂಡರು. ಆ ಪ್ರಕರಣದ ತಪ್ಪು-ಒಪ್ಪುಗಳೊಳಗೆ ನಾನು ಹೋಗುವುದಿಲ್ಲ, ಹೋಗಲೂಬಾರದು. ಆದರೆ ಇಂಥ ಲಾರಿಯೊಂದು ಉರುಳಿದಾಗ ನಮ್ಮ ಕಾನೂನು ಯಾರ ಕಡೆ ನೋಡುತ್ತದೆ ಎಂದು ಕೇಳುವ ಹಕ್ಕು ಈ ಸಭೆಗಿದೆ.

ಉತ್ತರ ನಿಮಗೆಲ್ಲ ಬಾಯಿಪಾಠ. ಚಾಲಕನ ಕಡೆ. ಮಾಲೀಕನಿಗೆ ಮೋಟಾರು ವಾಹನ ಕಾಯ್ದೆಯ 133ನೇ ಕಲಮಿನ ನೋಟಿಸು ಹೋಗುತ್ತದೆ. ‘ಗಾಡಿ ಇಂಥವನು ಓಡಿಸುತ್ತಿದ್ದ’ ಎಂದು ಬರೆದುಕೊಟ್ಟರೆ ಕ್ರಿಮಿನಲ್ ಕೇಸಿನ ಮಟ್ಟಿಗೆ ಅವನ ಕೆಲಸ ಮುಗಿಯಿತು. ದೋಷಾರೋಪ ಪತ್ರದಲ್ಲಿ ‘ಅತೀ ಜೋರಿನಿಂದ, ನಿಷ್ಕಾಳಜಿತನದಿಂದ’ ಎಂಬ ಸಾಲು ಬಂದೇ ಬರುತ್ತದೆ. ಆ ಸಾಲು ಸಾಕ್ಷಿ ಕಟ್ಟೆಯಲ್ಲಿ ನಿಲ್ಲುವುದಿಲ್ಲ. ಹಳ್ಳ ದಾಟುವಾಗ ಲಾರಿ ಮಗುಚಿ 15 ಮಂದಿ ಸತ್ತ ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ, ಬರೀ ‘ಜೋರಾಗಿ ಬಂದ’ ಅಂದರೆ ನಿರ್ಲಕ್ಷ್ಯ ಸಾಬೀತಾಗದು ಎಂದು ಸುಪ್ರೀಂ ಕೋರ್ಟು 1998ರಲ್ಲಿ ಹೇಳಿ ಚಾಲಕನ ಖುಲಾಸೆಯನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ನಾವು ಆರೋಪಿಗಳ ಪರವಾಗಿ ಎಷ್ಟು ಸಲ ಓದಿದ್ದೇವೋ! ಚಾಲಕ ಬಿಡುಗಡೆಯಾದ, ಮಾಲೀಕ ಕಟಕಟೆಗೆ ಬರಲೇ ಇಲ್ಲ. ಹಾಗಾದರೆ ಸತ್ತವರಿಗೆ ಉತ್ತರ ಹೇಳುವವರು ಯಾರು?

ಮಾಲೀಕನನ್ನು ಕಟಕಟೆಗೆ ತರಲು ಅಡ್ಡಿಯಾಗುವುದು 1965ರಲ್ಲಿ ವರದಿಯಾದ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು. ಮುಂಬೈಯ ಬಣ್ಣದ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು ಏಳು ಕಾರ್ಮಿಕರು ಸತ್ತಿದ್ದರು. ಲೈಸೆನ್ಸಿನ ಷರತ್ತು ಮುರಿದ ಪಾಲುದಾರನ ಮೇಲೆ 304ಎ ನಿಲ್ಲಲಿಲ್ಲ. ಬಿಸಿ ಡಾಂಬರಿಗೆ ಅವಸರದಲ್ಲಿ ಟರ್ಪೆಂಟೈನ್ ಸುರಿದ ಕೆಲಸಗಾರನ ಕೃತ್ಯವೇ ಸಾವಿಗೆ ನೇರ ಕಾರಣ ಎಂದಾಯಿತು. ಕೊನೆಗೆ ಕೈಹಾಕಿದವನೇ ಕಾರಣ ಎಂಬ ಈ ದಾರಿ ಮಾಲೀಕರಿಗೆ ಬಹಳ ಅನುಕೂಲದ್ದು.

ಇಂಗ್ಲೆಂಡಿನಲ್ಲಿ ಏನಾಗುತ್ತದೆ ನೋಡಿ. 2015ರ ಫೆಬ್ರುವರಿಯಲ್ಲಿ ಬಾತ್ ಪಟ್ಟಣದ ಇಳಿಜಾರಿನಲ್ಲಿ ಟಿಪ್ಪರಿನ ಬ್ರೇಕ್ ಹಿಡಿಯದೆ ನಾಲ್ವರು ಸತ್ತರು, ಅವರಲ್ಲಿ ನಾಲ್ಕು ವರ್ಷದ ಮಗುವೂ ಇತ್ತು. ಹತ್ತೊಂಬತ್ತರ ಪೋರ ಚಾಲಕನನ್ನು ಜ್ಯೂರಿ ನಿರ್ದೋಷಿ ಎಂದಿತು. ಮಾಲೀಕ ಮತ್ತು ಮೆಕ್ಯಾನಿಕ್ ಮಾತ್ರ ಮ್ಯಾನ್‌ಸ್ಲಾಟರ್ (ಕೊಲೆಯಲ್ಲದ ನರಹತ್ಯೆ) ಅಪರಾಧಿಗಳಾದರು. 2017ರಲ್ಲಿ ಮಾಲೀಕನಿಗೆ ಏಳೂವರೆ ವರ್ಷ, ಮೆಕ್ಯಾನಿಕ್‌ಗೆ ಐದು ವರ್ಷ ಮೂರು ತಿಂಗಳು. 1994ರ ಅಡೊಮಾಕೊ ತೀರ್ಪಿನಿಂದ ಅಲ್ಲಿ ಕೇಳುವ ಪ್ರಶ್ನೆ ಬೇರೆ: ಜೋಪಾನ ಮಾಡುವ ಹೊಣೆ ಯಾರದಿತ್ತು, ಆ ಹೊಣೆಯನ್ನು ಅಪರಾಧ ಅನ್ನುವಷ್ಟು ಕೆಟ್ಟದಾಗಿ ಕೈಬಿಟ್ಟರೇ? ಕೊನೆಯ ಕೈಯನ್ನಷ್ಟೇ ಹುಡುಕುವುದಿಲ್ಲ.

ನಮ್ಮಲ್ಲಿ ಅದಕ್ಕೆ ಬೀಜವೇ ಇಲ್ಲವೆನ್ನಬೇಡಿ. ಹಾನಗಲ್, ಹಿರೇಕೆರೂರಿನ ಕಡೆಯ ವಕೀಲರಿಗೆ ಗೊತ್ತು, ಗೋವಿನಜೋಳದ ಹೊಲಕ್ಕೆ ಹಂದಿ ಬರದಂತೆ ಕರೆಂಟಿನ ತಂತಿ ಎಳೆದು ಮನುಷ್ಯರೇ ಸತ್ತರೆ, ತಂತಿ ಕಟ್ಟಿದವನು ಮನೆಯಲ್ಲಿ ನಿದ್ದೆ ಮಾಡುತ್ತಿದ್ದರೂ ಪೊಲೀಸರು ಹುಡುಕಿಕೊಂಡು ಹೋಗುತ್ತಾರೆ. ಪಾಯಖಾನೆಯ ದಾರಿಗೆ ಬರಿ ತಂತಿ ಬಿಗಿದ ಬಿಹಾರದ ಮನೆಯೊಡೆಯನ ಶಿಕ್ಷೆಯನ್ನು, ಸತ್ತವಳು ಅಪ್ಪಣೆಯಿಲ್ಲದೆ ಬಂದವಳಾದರೂ, ಸುಪ್ರೀಂ ಕೋರ್ಟು ಖಾಯಂ ಮಾಡಿದೆ, ತೀರ್ಪು ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) 1964ರಲ್ಲಿದೆ. ತಂತಿ ಬಿಗಿದ ಆ ಮನೆಯೊಡೆಯನಿಗೆ ಮುಟ್ಟಿದ ಕಾನೂನು, ಬ್ರೇಕ್ ಸವೆದದ್ದು ಗೊತ್ತಿದ್ದೂ ಘಟ್ಟಕ್ಕೆ ಗಾಡಿ ಕಳಿಸಿದವನಿಗೆ ಮುಟ್ಟಬಾರದೇಕೆ?

ಹೊಸ ಸಂಹಿತೆ ಈ ಪ್ರಶ್ನೆಗೆ ಕೈಹಾಕಲಿಲ್ಲ, ಶಿಕ್ಷೆಯ ಅಂಕಿ ಮಾತ್ರ ಬೆಳೆಸಿತು. ಎರಡು ವರ್ಷ ಐದಾಯಿತು. ಬರೀ ದಂಡ ಕಟ್ಟಿ ಹೋಗುವ ದಾರಿ ಮುಚ್ಚಿತು. ವಿಚಾರಣೆ ಮಾತ್ರ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆಯೇ. ಅವರು ಕೊಡಬಹುದಾದದ್ದು ಮೂರೇ ವರ್ಷ. ಹೆಚ್ಚು ಬೇಕೆಂದರೆ ಕಡತ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ (ಸಿಜೆಎಂ) ಕಡೆ ಹೋಗಬೇಕು. ಓಡಿಹೋದ ಚಾಲಕನಿಗೆ ಹತ್ತು ವರ್ಷ ಅನ್ನುವ ಎರಡನೇ ಉಪಕಲಮನ್ನಂತೂ, 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ ಮೇಲೆ, ಉಳಿದವುಗಳ ಜೊತೆ ಜಾರಿಗೆ ತರಲಿಲ್ಲ. ಅಲ್ಲಿಯೂ ಕಣ್ಣು ಚಾಲಕನ ಮೇಲೆಯೇ.

ಸಂತೆಯವರ ಸಂಕಟ ಇನ್ನೊಂದಿದೆ. ಮೋಟಾರು ವಾಹನ ಕಾಯ್ದೆಯ 1994ರ ತಿದ್ದುಪಡಿ ಮಾಲಿನ ಒಡೆಯನನ್ನು ವಿಮೆಯ ಒಳಗೆ ತಂದಿತು. ಆದರೆ ಅವನು ಕ್ಯಾಬಿನ್ನಿನಲ್ಲಿ ಕೂತಿರಬೇಕೆಂದು ಸುಪ್ರೀಂ ಕೋರ್ಟು 2007ರಲ್ಲಿ ಹೇಳಿತು. ಎಲೆಕೋಸಿನ ಮೂಟೆಯ ಮೇಲೆ ಕೂತು ಹೋಗುವವರಿಗೆ ಕ್ಯಾಬಿನ್ನಿನಲ್ಲಿ ಜಾಗವೆಲ್ಲಿ? ವಿಮಾ ಕಂಪನಿ ಕೈತೊಳೆದುಕೊಂಡರೆ ಪರಿಹಾರ ಕೊಡಲು ಉಳಿಯುವವನು ಮಾಲೀಕ. ಆದರೆ ಕ್ರಿಮಿನಲ್ ಕಡತದಲ್ಲಿ ಅವನ ನಡತೆಯ ಬಗ್ಗೆ ಒಂದು ಹಾಳೆಯೂ ಇರುವುದಿಲ್ಲ.

ಆದ್ದರಿಂದ ಮಧ್ಯಾಹ್ನದ ಗೋಷ್ಠಿಗೆ ಎರಡು ಠರಾವು ಇಡುತ್ತಿದ್ದೇನೆ. ಸರಕು ಗಾಡಿಯಲ್ಲಿ ಜನ ಸತ್ತ ಪ್ರತಿ ಪ್ರಕರಣದಲ್ಲೂ ತನಿಖಾಧಿಕಾರಿ ಮಾಲೀಕನ ಹೇಳಿಕೆ, ರಿಪೇರಿ ದಾಖಲೆ, ಎಷ್ಟು ಜನರನ್ನು ಯಾರ ಮಾತಿನ ಮೇಲೆ ಹತ್ತಿಸಲಾಯಿತು ಎಂಬ ವಿವರವನ್ನು ಕಡತಕ್ಕೆ ಸೇರಿಸಬೇಕೆಂಬುದು ಒಂದು. ಸಂತೆಯ ದಿನ ನಸುಕಿನಲ್ಲಿ ಸವಣೂರು, ಶಿಗ್ಗಾಂವಿಯಿಂದ ಕರಾವಳಿಗೆ, ಮಾಲಿಗೂ ಮನುಷ್ಯರಿಗೂ ಜಾಗವಿರುವ ಸಾರಿಗೆ ಸಂಸ್ಥೆಯ ಬಸ್ಸು ಬಿಡಬೇಕೆಂಬುದು ಇನ್ನೊಂದು. ಎರಡನೆಯದು ವಕೀಲರ ಸಭೆಗೆ ಸಲ್ಲದು ಅನ್ನುವವರು ಎದ್ದು ಮಾತಾಡಲಿ, ನಾನು ಕೇಳಿಸಿಕೊಳ್ಳುತ್ತೇನೆ.