ಹಳೆಯ ಆಟಕ್ಕೆ ಅದರ ಕಾಲದ ಪರದೆ

ನಾನಿರುವುದು ಪುಣೆಯ ಧನಕವಡಿಯಲ್ಲಿ. ಇಲ್ಲಿಂದ ನೈಋತ್ಯಕ್ಕೆ ಹೋದರೆ ಸಿಂಹಗಡ, ಅದರ ನೆತ್ತಿಯ ಮೇಲೆ ಟಿವಿ ಗೋಪುರ. 1973ರಲ್ಲಿ ಮುಂಬೈ ದೂರದರ್ಶನ ಪುಣೆಯ ಮನೆಗಳಿಗೆ ಬಂದದ್ದು ಆ ಬೆಟ್ಟದಿಂದಲೇ. ಅಲ್ಲಿಂದ ಮುಂದೆ ಮೂರು ದಶಕ ನಾವು ನೋಡಿದ್ದೆಲ್ಲ ದಪ್ಪ ಗಾಜಿನ ಪಿಕ್ಚರ್ ಟ್ಯೂಬಿನಲ್ಲಿ, ಅಂದರೆ ಸಿಆರ್‌ಟಿಯಲ್ಲಿ. ನಮ್ಮ ಬೆಂಗಳೂರಿನ ಬಿಇಎಲ್ ಕೂಡ ಅಂಥ ಟ್ಯೂಬುಗಳನ್ನು ತಯಾರಿಸುತ್ತಿತ್ತು. ಈಗ ಟ್ಯೂಬು ಹೋಗಿದೆ. ಅದಕ್ಕೆಂದೇ ಬರೆದ ಚಿತ್ರಗಳು ಮಾತ್ರ ಉಳಿದಿವೆ, ಹಳೆಯ ಅಡ್ವೆಂಚರ್ ಆಟಗಳಲ್ಲಿ.

1980ರಲ್ಲಿ ರೊಬರ್ಟಾ ವಿಲಿಯಮ್ಸ್ ಅವರ 'ಮಿಸ್ಟರಿ ಹೌಸ್' ಬರೀ ಗೆರೆಚಿತ್ರ. 1984ರ 'ಕಿಂಗ್ಸ್ ಕ್ವೆಸ್ಟ್'ಗೆ 16 ಬಣ್ಣ. 1990ರ 'ಲೂಮ್'ಗೂ ಅಷ್ಟೇ ಬಣ್ಣ. ಆದರೆ ಅದರ ಚಿತ್ರಕಾರ ಮಾರ್ಕ್ ಫೆರಾರಿ ಬಣ್ಣದ ಪೆನ್ಸಿಲ್ಲಿನಲ್ಲಿ ಪಳಗಿದವರು. ಎರಡು ಬಣ್ಣದ ಚುಕ್ಕಿಗಳನ್ನು ಚದುರಂಗದ ಮನೆಗಳಂತೆ ಒಂದು ಬಿಟ್ಟೊಂದು ಇಟ್ಟರು. ಟ್ಯೂಬಿನ ಮಬ್ಬಿನಲ್ಲಿ ಅವು ಬೆರೆತು ಮೂರನೆಯ ಬಣ್ಣವೇ ಹುಟ್ಟುತ್ತಿತ್ತು. ಇಂದಿನ ಎಲ್‌ಸಿಡಿಯಲ್ಲಿ ಆ ಬಣ್ಣಗಳು ಬೆರೆಯುವುದಿಲ್ಲ, ಚುಕ್ಕಿ ಚುಕ್ಕಿಯಾಗಿಯೇ ನಿಂತುಬಿಡುತ್ತವೆ. ಎಂಥ ಚಿತ್ರಕ್ಕೆ ಎಂಥ ಗತಿ!

ಇಲ್ಲಿ ನನಗೆ ತುಂಬ ಇಷ್ಟವಾದ ಒಬ್ಬರ ಕಥೆ ಹೇಳಲೇಬೇಕು. ಲೂಕಸ್‌ಆರ್ಟ್ಸ್ ಎಂಬ ಆಟ ಕಂಪನಿಯ ಎರಿಕ್ ಜಾನ್‌ಸ್ಟನ್. 1992ರ ಸುಮಾರಿಗೆ ಪಿಸಿಯ ಆಟಗಳನ್ನು ಮ್ಯಾಕಿಂಟೋಷ್‌ಗೆ ಒಗ್ಗಿಸುವ ಕೆಲಸ ಅವರದು. ಆಟದ ಚಿತ್ರ 320ಕ್ಕೆ 200 ಚುಕ್ಕಿ. ಮ್ಯಾಕ್ ಪರದೆಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಸುಮ್ಮನೆ ಹಿಗ್ಗಿಸಿದರೆ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು. ಅವರು ಒಂದು ಚುಕ್ಕಿಯನ್ನು ನಾಲ್ಕು ಮಾಡಿ, ಪ್ರತಿ ಮೂಲೆಯ ಪಕ್ಕದ ಎರಡು ಚುಕ್ಕಿಗಳನ್ನು ಹೋಲಿಸಿದರು. ಎರಡೂ ಒಂದೇ ಬಣ್ಣವಾದರೆ ಮೂಲೆಗೂ ಆ ಬಣ್ಣ. ಚಿತ್ರಕಾರ ಇಡದ ಒಂದೇ ಒಂದು ಬಣ್ಣವೂ ಹೊಸದಾಗಿ ಸೇರಲಿಲ್ಲ, ಓರೆಗೆರೆಗಳು ಮಾತ್ರ ನುಣುಪಾದವು. ಇದೇ ಉಪಾಯವನ್ನು 2001ರಲ್ಲಿ ಆಂಡ್ರಿಯಾ ಮಜ್ಜೊಲೆನಿ ತಾವಾಗಿಯೇ ಮತ್ತೆ ಕಂಡುಕೊಂಡರು. ಅದೇ ವರ್ಷ ಲುಡ್ವಿಗ್ ಸ್ಟ್ರಿಗೇಯಸ್ ಮತ್ತು ಸಂಗಡಿಗರ 'ಸ್ಕಮ್‌ವಿಎಂ' ಎಂಬ ಪ್ರೋಗ್ರಾಮು ಬಂತು. ಆ ಹಳೆಯ ಆಟಗಳು ಹೊಸ ಯಂತ್ರಗಳಲ್ಲಿ ಎದ್ದು ಕೂತವು.

ಆಮೇಲೆ ಗ್ರಾಫಿಕ್ಸ್ ಕಾರ್ಡುಗಳಿಗೆ ಬಲ ಬಂತು, ಶೇಡರ್‌ಗಳು ಬಂದವು. ಪರದೆಯ ಪ್ರತಿ ಚುಕ್ಕಿಯ ಬಣ್ಣವನ್ನೂ ಆ ಕಾರ್ಡಿನಲ್ಲೇ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮುಗಳು ಅವು. ಜಾನ್‌ಸ್ಟನ್ ಚಿತ್ರವನ್ನು ನುಣುಪು ಮಾಡಿದರೆ, ಸಿಆರ್‌ಟಿ-ಜಿಯೋಮ್, ಸಿಆರ್‌ಟಿ-ರಾಯಲ್‌ನಂಥ ಶೇಡರ್‌ಗಳು ಕಳೆದುಹೋದ ಟ್ಯೂಬನ್ನೇ ಮರಳಿ ಕಟ್ಟುತ್ತವೆ: ಗಾಜಿನ ಬಾಗು, ಬೆಳಕಿನ ಹರಡು, ಕೆಂಪು ಹಸಿರು ನೀಲಿಯ ಜಾಲರಿ. 2023ರಲ್ಲಿ ಸ್ಕಮ್‌ವಿಎಂನಲ್ಲೂ ಈ ಸೌಕರ್ಯ ಬಂತು.

ಆದರೆ ಶೇಡರ್ ಸಿಕ್ಕಿದ್ದೇ ತಡ, ಬಹಳ ಜನ ಪರದೆ ತುಂಬ ದಪ್ಪ ಕಪ್ಪು ಗೆರೆ ಎಳೆದುಬಿಡುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಆ ಗೆರೆಗಳು ಟಿವಿಯವು, ಆರ್ಕೇಡ್ ಯಂತ್ರಗಳವು. ಪಿಸಿಯ ವಿಜಿಎ ಎಂಬ ಗ್ರಾಫಿಕ್ಸ್ ಕಾರ್ಡು ಪ್ರತಿ ಸಾಲನ್ನೂ ಎರಡು ಬಾರಿ ಬರೆದು 200ನ್ನು 400 ಮಾಡುತ್ತಿತ್ತು; ನಡುವೆ ಕಪ್ಪಿಗೆ ಜಾಗವೇ ಇರುತ್ತಿರಲಿಲ್ಲ. ಹಾಗಾಗಿ 1993ರ 'ಡೇ ಆಫ್ ದ ಟೆಂಟಕಲ್'ಗೆ ಸ್ಕ್ಯಾನ್‌ಲೈನ್, ಅಂದರೆ ಆ ಕಪ್ಪು ಗೆರೆ, ತೀರ ಕಡಿಮೆ ಇರಲಿ, ಬಾಗು ಸೊನ್ನೆಯ ಹತ್ತಿರ, ಜಾಲರಿ ತೆಳುವಾಗಿ. 'ಕಿಂಗ್ಸ್ ಕ್ವೆಸ್ಟ್' ಕಾಲದ ಮಾನಿಟರಿನಲ್ಲಿ ಸಾಲುಗಳು ನಿಜಕ್ಕೂ ಬಿಡಿಯಾಗಿದ್ದವು. ಅಲ್ಲಿ ಗೆರೆ ಸ್ವಲ್ಪ ಕಾಣಲಿ. ಜಾಲರಿ ಬೆಳಕನ್ನು ತಿನ್ನುತ್ತದೆ, ಹೊಳಪು ಏರಿಸಿ. ಇದಕ್ಕೆಲ್ಲ ಮುಂಚೆ ಚಿತ್ರದ ಅಗಲ-ಎತ್ತರದ ಅನುಪಾತವನ್ನು 4:3ಕ್ಕೆ ಸರಿಪಡಿಸಿ, ಇಲ್ಲವಾದರೆ ಹುಣ್ಣಿಮೆಯ ಚಂದ್ರನೂ ಚಪ್ಪಟೆ.

ಕೊನೆಗೊಂದು ಕೋರಿಕೆ. ನಿಮ್ಮ ಅಟ್ಟದ ಮೇಲೆ ಹಳೆಯ ಮಾನಿಟರ್ ಇದ್ದರೆ ಗುಜರಿಗೆ ಹಾಕಬೇಡಿ. ಶೇಡರ್ ಸರಿಯಾಗಿದೆಯೇ ಎಂದು ಪಕ್ಕದಲ್ಲಿಟ್ಟು ನೋಡಲು ಬೇರೆ ಅಳತೆಗೋಲಿಲ್ಲ. ಆ ಮಾನಿಟರಿನ ಹಿಂಬದಿ ಮಾತ್ರ ಬಿಚ್ಚಬೇಡಿ. ಸ್ವಿಚ್ ಆರಿಸಿದ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.