ಕಸುಬಿಗೂ ಒಂದು ಊರುಂಟು

ವಿದ್ಯೆಯೆಂಬುದು ಕಳ್ಳರು ಕದಿಯಲಾರದ, ದಾಯಾದಿಗಳು ಪಾಲು ಕೇಳಲಾರದ ಸ್ವತ್ತು ಎಂದು ಮಕ್ಕಳಿಗೆ ಹೇಳಿಕೊಡುತ್ತ ಬಂದವರು ಉಪಾಧ್ಯಾಯರಾದ ನಾವು. ಮಾತು ಸುಳ್ಳಲ್ಲ. ಆದರೆ ಕೈಕಸುಬಿನ ವಿದ್ಯೆಯ ಮಟ್ಟಿಗೆ ಅದಕ್ಕೊಂದು ತಿದ್ದುಪಡಿ ಬೇಕೆಂದು ನನಗೆ ತೋರುತ್ತದೆ. ಯಾರೂ ಕದಿಯದೆಯೇ ಆ ಸ್ವತ್ತು ಒಂದು ದಿನ ಬೆಲೆಯಿಲ್ಲದ್ದಾಗಬಹುದು. ಅದು ಹೇಗೆಂಬುದನ್ನು ನಮ್ಮ ಕೋಲಾರದ ಚಿನ್ನದ ಗಣಿಗಳ ಕಥೆಯಿಂದ ನೋಡೋಣ.

1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಕೋಲಾರದಲ್ಲಿ ಗಣಿಗಾರಿಕೆಗೆ ಕೈಹಾಕಿದರು. ಮುಂದೆ ಅಲ್ಲಿಗೆ ಎರಡು ದಿಕ್ಕಿನಿಂದ ಜನ ವಲಸೆ ಬಂದರು. ಒಂದು ತಂಡ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಪ್ರಾಂತದ್ದು. ತಾಮ್ರ, ತವರಗಳನ್ನು ತೆಗೆಯುವುದು ಆ ಜನರಿಗೆ ತಲೆತಲಾಂತರದ ಕಸುಬು. 1866ರಲ್ಲಿ ತಾಮ್ರದ ವ್ಯಾಪಾರ ಕುಸಿದು ಅವರ ಗಣಿಗಳು ಒಂದೊಂದಾಗಿ ಮುಚ್ಚತೊಡಗಿದವು. ಆದರೆ ಆ ಕಾಲದಲ್ಲಿ ಆಸ್ಟ್ರೇಲಿಯ, ಅಮೆರಿಕ, ದಕ್ಷಿಣ ಆಫ್ರಿಕ, ಅಂದಿನ ಮೈಸೂರು ಸಂಸ್ಥಾನ, ಎಲ್ಲೆಲ್ಲೂ ಹೊಸ ಗಣಿಗಳು ತೆರೆಯುತ್ತಿದ್ದವು. ಅವರು ಹೋದ ಕಡೆಯಲ್ಲೆಲ್ಲ ಬೇಡಿಕೆ. ಕುಶಲ ಕೆಲಸಗಾರರೆಂದು ಹೆಚ್ಚಿನ ಸಂಬಳ, ಮೇಲ್ವಿಚಾರಣೆಯ ಅಧಿಕಾರ ಅವರಿಗೆ ದೊರೆತವು.

ಇನ್ನೊಂದು ತಂಡ ನೆರೆಯ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ಬಡವರದು. ಅವರಲ್ಲಿ ಬಹುಮಂದಿ ಭೂಮಿಯಾಗಲಿ ಅಕ್ಷರವಾಗಲಿ ದೊರಕದಂತೆ ದೂರವಿಡಲ್ಪಟ್ಟಿದ್ದ ದಲಿತರು. ಕಂಪೆನಿಯ ಲೆಕ್ಕದಲ್ಲಿ ಅವರು ಬರಿಯ ಕೂಲಿಗಳು. ಆದರೆ ಗಣಿಯೊಳಗೆ ಇಳಿದ ಮೇಲೆ ಬರಿಯ ಕೂಲಿಯಾಗಿ ಉಳಿಯುವುದು ಸಾಧ್ಯವೆ? ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿಯಿತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚು. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದೂ ಉಂಟು. ಅಂಥ ಕಡೆ ರಂಧ್ರ ಕೊರೆದು ಮದ್ದು ತುಂಬುವವನು, ಸೂರಿಗೆ ಮರದ ಆಧಾರ ಕಟ್ಟುವವನು ತನ್ನ ಕಣ್ಣು ಕಿವಿಗಳನ್ನು ಎಷ್ಟು ಪಳಗಿಸಿಕೊಂಡಿರಬೇಕು! 1930ರಲ್ಲಿ ಕೆಲಸಗಾರರ ಬೆರಳಚ್ಚನ್ನು ದಾಖಲು ಮಾಡುವ ಯೋಜನೆ ಬಂದಾಗ ಅವರು ಮುಷ್ಕರ ಹೂಡಿದರು. ಬೆರಳಿನ ಗುರುತನ್ನು ಬರೆದಿಡಲು ಹೊರಟವರು ಆ ಬೆರಳುಗಳು ಕಲಿತ ಕೆಲಸವನ್ನೂ ಹಾಗೆಯೇ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು. 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದವು. ಅದಿರು ತೆಳುವಾಯಿತು, ಆಳದಿಂದ ತೆಗೆಯುವ ಖರ್ಚು ಏರಿತು. 2001ರಲ್ಲಿ ಬಾಗಿಲು ಮುಚ್ಚಿತು. ಕಾರ್ನ್‌ವಾಲಿನವರಿಗೆ ಬಂದ ಸ್ಥಿತಿಯೇ ಇವರಿಗೂ ಬಂತು. ಆದರೆ ಇವರ ವಿದ್ಯೆಗೆ ಕಾದು ನಿಂತ ಕೊಳ್ಳುವವರು ಇರಲಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಇತ್ತು, ನಿಜ. ಕೆಲಸ ಕಳೆದುಕೊಂಡ ಸಾವಿರಾರು ಮಂದಿಯನ್ನು ಅದೊಂದೇ ಸೇರಿಸಿಕೊಳ್ಳುವುದು ಆಗದ ಮಾತು.

ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಕೆಲಸಗಾರನ ಕಲಿಕೆಯನ್ನು ಎರಡಾಗಿ ವಿಂಗಡಿಸಿದ್ದಾನೆ. ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರುವುದು ಒಂದು. ಕಲಿಸಿದ ಸಂಸ್ಥೆಯಲ್ಲಿ ಮಾತ್ರ ಬೆಲೆಯುಳ್ಳದ್ದು ಇನ್ನೊಂದು. ಈ ವಿಂಗಡಣೆ ಕೋಲಾರಕ್ಕೆ ಬಹುಮಟ್ಟಿಗೆ ಹೊಂದುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳಿಗೆ ಬಂದಿತು. ಅಲ್ಲಿ ವಿದ್ಯುತ್ ಯಂತ್ರದ ಬಳಿ ಪಳಗಿದವನು ಯಾವ ಕಾರ್ಖಾನೆಗಾದರೂ ಹೋಗಬಲ್ಲ. ಆದರೆ ಬಂಡೆಯ ಸದ್ದು ಕೇಳಿ ಅಪಾಯ ಅರಿಯಬಲ್ಲವನು ಎಲ್ಲಿಗೆ ಹೋಗಬೇಕು? ನಗರದಲ್ಲಿ ಅವನು ಕಟ್ಟಡದ ಕೂಲಿ ಅಥವಾ ಬಾಗಿಲು ಕಾಯುವವನು. ಅಜ್ಜ ಬಂದಾಗ ಯಾವ ಪಟ್ಟಿಯಲ್ಲಿ ಹೆಸರು ಬರೆಸಿದ್ದನೋ ಮೊಮ್ಮಗನೂ ಅದೇ ಪಟ್ಟಿಗೆ ಬಂದು ನಿಂತ. ಇಂದು ಮಾರಿಕುಪ್ಪಂ ನಿಲ್ದಾಣದಿಂದ ಬೆಳಗಿನ ರೈಲು ಹತ್ತಿ, ಸೈನೈಡ್ ಗುಡ್ಡಗಳನ್ನು ಹಿಂದಕ್ಕೆ ಬಿಟ್ಟು, ಸುಮಾರು ನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವವರು ಸಾವಿರಾರು ಮಂದಿ. ಇದು ದಿನವೂ ನಡೆಯುವ ವಲಸೆ.

ಹಾಗಾದರೆ ಮಾಡಬೇಕಾದುದೇನು? ಹುಡುಗ ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ನಾವು ವರ್ಗಾವಣೆ ಪತ್ರ ಬರೆದುಕೊಡುತ್ತೇವೆ. ಅಲ್ಲಿ ಅವನನ್ನು ಮತ್ತೆ ಒಂದನೆಯ ತರಗತಿಯಲ್ಲಿ ಕೂರಿಸುವುದಿಲ್ಲ. ಇಪ್ಪತ್ತು ವರ್ಷ ದುಡಿದವನು ಊರು ಬದಲಿಸಿದರೆ ಮಾತ್ರ ಅವನನ್ನು ಒಂದನೆಯ ತರಗತಿಗೇ ತಳ್ಳುತ್ತೇವೆ. ಕೆಲಸ ಮಾಡಿ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡೊಂದು 2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕೌಶಲ ಯೋಜನೆಯಲ್ಲಿ ಸೇರಿತು. ವಿಚಾರ ಸರಿಯಾದುದೇ. ಪತ್ರ ಕೊಡುವಷ್ಟೇ ಮುಖ್ಯವಾದುದು ಕೆಲಸ ಕೊಡುವವನು ಅದನ್ನು ನೋಡಿ ಕೂಲಿ ಕಟ್ಟುವುದು. ಅದಕ್ಕಿಂತ ಮುಂಚಿತವಾಗಿ, ಒಂದೇ ಉದ್ಯಮವನ್ನು ನಂಬಿದ ಊರುಗಳಲ್ಲಿ, ಆ ಉದ್ಯಮ ನಡೆಯುತ್ತಿರುವಾಗಲೇ ಬೇರೆಡೆಯೂ ನಡೆಯುವ ಕಸುಬೊಂದನ್ನು ಮಕ್ಕಳಿಗೂ ದೊಡ್ಡವರಿಗೂ ಕಲಿಸಬೇಕು. ಬಾಗಿಲು ಮುಚ್ಚಿದ ಮೇಲೆ ಕಲಿಸಹೊರಟರೆ ಹೊಟ್ಟೆ ಕಾಯುವುದಿಲ್ಲ.

'ಕುಶಲ' ಎಂಬ ಮಾತಿಗೆ ನಮ್ಮ ಪಂಡಿತರು ಹೇಳುವ ಮೂಲಾರ್ಥ, ಕೈ ಕೊಯ್ದುಕೊಳ್ಳದೆ ಕುಶವನ್ನು, ಎಂದರೆ ದರ್ಭೆಯನ್ನು, ಕಿತ್ತು ತರಬಲ್ಲವನು ಎಂದು. ದರ್ಭೆ ಬೆಳೆಯದ ಊರಿಗೆ ಬಂದ ಮಾತ್ರಕ್ಕೆ ಅವನು ಅಕುಶಲನಾಗುವನೆ? ನಾಳೆ ನಿಮ್ಮ ಮನೆಯ ಬಾಗಿಲಲ್ಲಿ ಕೆಲಸ ಕೇಳಿ ನಿಂತವನನ್ನು 'ಏನು ಕೆಲಸ ಬರುತ್ತದೆ?' ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. 'ಹಿಂದೆ ಏನು ಕೆಲಸ ಮಾಡುತ್ತಿದ್ದಿರಿ?' ಎಂದೂ ಕೇಳಿ.