ಮೇಷ್ಟ್ರು ‘ಗೊತ್ತಿಲ್ಲ’ ಎಂದಿದ್ದ ಕಲ್ಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಖಗೋಳ ವಿಜ್ಞಾನಿಯಲ್ಲ. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೂ ಇವತ್ತು ಆಕಾಶದ ಕಲ್ಲುಗಳ ಬಗ್ಗೆ ಮಾತಾಡುತ್ತೇನೆ. ಕಾರಣ, ಈ ಶಾಲೆಯಲ್ಲಿ ನನ್ನದೊಂದು ಬಾಕಿ ಉಳಿದಿದೆ.

2004ರ ಡಿಸೆಂಬರ್. ನಾನು ಒಂಬತ್ತನೇ ತರಗತಿಯಲ್ಲಿದ್ದೆ. ರಾಗಿ ಕಣ ಕಾಯಲು ತಾತನ ಜೊತೆ ಮಲಗಿದ್ದಾಗ ಒಂದೇ ರಾತ್ರಿ ಹತ್ತಾರು ಉಲ್ಕೆಗಳನ್ನು ಕಂಡೆ. “ಚುಕ್ಕಿ ಉದುರೋದು ನೋಡ್ಬಾರ್ದು, ಮಲಕ್ಕೋ ಮಗ” ಎಂದರು ತಾತ. ಮರುದಿನ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಬೀಳುವುದು ನಕ್ಷತ್ರವಲ್ಲ, ಗಾಳಿಯಲ್ಲಿ ಉರಿದುಹೋಗುವ ಕಲ್ಲಿನ ಪುಡಿ ಎಂದು ವಿವರಿಸಿದರು. “ಅದು ಯಾವ ಥರದ ಕಲ್ಲು ಸಾರ್?” ಎಂದೆ. “ಗೊತ್ತಿಲ್ಲಪ್ಪ. ನೀನೇ ತಿಳ್ಕೊಂಡು ಬಂದು ನನಗೂ ಹೇಳು” ಎಂದರು. ಹೊರಗೆ ಬಂದು, “ಮೇಷ್ಟ್ರಿಗೇ ಗೊತ್ತಿಲ್ವಂತೆ ಕಣ್ರೋ” ಎಂದು ಗೆಳೆಯರ ಜೊತೆ ನಕ್ಕಿದ್ದೆ.

ಅದೇ ಮೇಷ್ಟ್ರು ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ತಡವಾಯಿತು ಸಾರ್, ಉತ್ತರ ತಂದಿದ್ದೇನೆ.

ಪ್ರತಿ ವರ್ಷ ಡಿಸೆಂಬರ್ 13-14ರ ಸುಮಾರಿಗೆ ಕಾಣುವ ಆ ಉಲ್ಕಾವರ್ಷಕ್ಕೆ ಜೆಮಿನಿಡ್ಸ್ ಎಂದು ಹೆಸರು. ಅದರ ಧೂಳು ಫೇಥಾನ್ ಎಂಬ ಕ್ಷುದ್ರಗ್ರಹದ್ದು. ಸುಮಾರು 5-6 ಕಿಲೋಮೀಟರ್ ಅಗಲದ ಈ ಕಲ್ಲು 1983ರಲ್ಲಿ ಪತ್ತೆಯಾಯಿತು. ಸಾಮಾನ್ಯವಾಗಿ ಧೂಳು ಚೆಲ್ಲುತ್ತಾ, ಬಾಲ ಬಿಡುತ್ತಾ ಹೋಗುವುದು ಧೂಮಕೇತು. ಆದರೆ ಕೆಲವು ಕ್ಷುದ್ರಗ್ರಹಗಳೂ ಹಾಗೆ ಮಾಡುತ್ತವೆ. ಅವಕ್ಕೆ ಸಕ್ರಿಯ ಕ್ಷುದ್ರಗ್ರಹಗಳು ಎನ್ನುತ್ತಾರೆ. ಹತ್ತು ಲಕ್ಷಕ್ಕೂ ಹೆಚ್ಚು ಕ್ಷುದ್ರಗ್ರಹಗಳು ಗೊತ್ತಿದ್ದರೂ ಇಂಥವು ಬೆರಳೆಣಿಕೆಯ ಡಜನ್‌ಗಳಷ್ಟೇ. ಒಳಗಿನ ಮಂಜುಗಡ್ಡೆ ಆವಿಯಾಗಿಯೋ, ಬೇರೆ ಕಲ್ಲು ಬಡಿದೋ, ಬುಗುರಿಯಂತೆ ಜೋರಾಗಿ ತಿರುಗಿಯೋ, ಬಿಸಿಲಿಗೆ ಬಿರುಕು ಬಿಟ್ಟೋ ಅವು ಧೂಳು ಉದುರಿಸುತ್ತವೆ.

ಅಷ್ಟು ದೂರದ ಕಲ್ಲಿನ ಗುಣ ತಿಳಿಯುವುದು ಹೇಗೆ? ನಮ್ಮೂರ ರಸ್ತೆಗೆ ಟಾರು ಬೀಳುವ ಮುಂಚೆ, ಬಸ್ಸು ಎಬ್ಬಿಸುವ ಧೂಳಿನ ಬಣ್ಣ ನೋಡಿಯೇ ಅದು ಕೆಮ್ಮಣ್ಣಿನ ಕಡೆ ಇದೆಯೋ ಎರೆಭೂಮಿಯ ಕಡೆ ಇದೆಯೋ ಹೇಳುತ್ತಿದ್ದೆವು. ವಿಜ್ಞಾನಿಗಳು ಮಾಡುವುದೂ ಅದನ್ನೇ, ಇನ್ನಷ್ಟು ಸೂಕ್ಷ್ಮವಾಗಿ. ಕಲ್ಲಿನ ಮೇಲೆ ಬಿದ್ದ ಸೂರ್ಯನ ಬೆಳಕಿನಲ್ಲಿ ಒಂದೊಂದು ಖನಿಜ ಒಂದೊಂದು ಭಾಗವನ್ನು ನುಂಗುತ್ತದೆ. ಮರಳಿ ಬಂದ ಬೆಳಕನ್ನು ಕಾಮನಬಿಲ್ಲಿನಂತೆ ಹರಡಿ ಯಾವುದು ಕಡಿಮೆಯಾಗಿದೆ ಎಂದು ನೋಡುತ್ತಾರೆ. 3 ಮೈಕ್ರೋಮೀಟರ್ ಸುತ್ತಮುತ್ತಲ ಅವಕೆಂಪು ಬೆಳಕು ಕಡಿಮೆಯಾಗಿದ್ದರೆ ನೀರು ಸೇರಿದ ಜೇಡಿಯಂಥ ಖನಿಜ ಇದೆ ಎಂದರ್ಥ. ಧೂಳು ಮುಸುಕಿದ್ದಾಗ ಕಲ್ಲಿನ ಬೆಳಕು, ಧೂಳಿನ ಬೆಳಕು ಎರಡೂ ಬೆರೆತುಬಿಡುತ್ತವೆ. ಅದಕ್ಕೇ ಕಲ್ಲು ಸುಮ್ಮನಿದ್ದಾಗಲೂ ಕಾದು ನೋಡಬೇಕು.

ಈ ವಿಧಾನವನ್ನು ನಂಬಬಹುದೇ? ಬೆನ್ನು ಎಂಬ ಸುಮಾರು 500 ಮೀಟರ್ ಅಗಲದ ಕ್ಷುದ್ರಗ್ರಹ ಇದಕ್ಕೆ ಪರೀಕ್ಷೆಯಾಯಿತು. ನಾಸಾದ ಒಸೈರಿಸ್-ರೆಕ್ಸ್ ನೌಕೆ 2018ರ ಡಿಸೆಂಬರ್‌ನಲ್ಲಿ ಅಲ್ಲಿಗೆ ತಲುಪಿ, ಬೆಳಕಿನಲ್ಲಿ ಜೇಡಿ ಖನಿಜದ ಗುರುತು ಕಂಡಿತು. 2019ರ ಜನವರಿಯಲ್ಲಿ ಬೆನ್ನು ಚೂರುಗಳನ್ನು ಚಿಮ್ಮಿಸುವುದೂ ಕಾಣಿಸಿತು. 2023ರ ಸೆಪ್ಟೆಂಬರ್ 24ರಂದು ಅಲ್ಲಿಯ ಮಣ್ಣು ಭೂಮಿಗೆ ಬಂತು, ತೂಕ 121.6 ಗ್ರಾಂ. ಜೇಡಿ ಖನಿಜ, ಇಂಗಾಲ ಎರಡೂ ಅದರಲ್ಲಿದ್ದವು. ಜೀವಿಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಸಿಕ್ಕವು. ಆದರೆ ಒಂದು ಲೆಕ್ಕ ತಪ್ಪಿತ್ತು. ಬೆನ್ನುವಿನ ಮೇಲ್ಮೈ ನುಣ್ಣನೆಯ ಮರಳು ಇರಬಹುದು ಎಂದುಕೊಂಡಿದ್ದರು, ಹೋಗಿ ನೋಡಿದರೆ ಬರೀ ಬಂಡೆಗಳು!

ಫೇಥಾನ್ ವಿಷಯಕ್ಕೆ ಬರೋಣ. ಅದು ಬುಧನಿಗಿಂತಲೂ ಸೂರ್ಯನ ಹತ್ತಿರ ಹೋಗಿ ಬರುವ ಕಲ್ಲು. ಆಗ ಅದರ ಮೈ 700 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಸ್ಪಿಟ್ಜರ್ ದೂರದರ್ಶಕ ದಾಖಲಿಸಿದ್ದ ಅದರ ಅವಕೆಂಪು ಬೆಳಕನ್ನು ಭೂಮಿಗೆ ಬಿದ್ದ ಉಲ್ಕಾಶಿಲೆಗಳ ಜೊತೆ ಹೋಲಿಸಿದಾಗ, ಸಿವೈ ಎಂಬ ಅಪರೂಪದ ಗುಂಪಿಗೆ ತಾಳೆಯಾಯಿತು. ಇಂಗಾಲವಿರುವ, ಒಂದು ಕಾಲಕ್ಕೆ ನೀರು ಹಿಡಿದಿದ್ದು ಆಮೇಲೆ ಕಾದು ಒಣಗಿದ ಕಲ್ಲು ಅದು. ಇದು ಪ್ರಕಟವಾದದ್ದು 2023ರಲ್ಲಿ. ಅದೇ ವರ್ಷ ಇನ್ನೊಂದೂ ಗೊತ್ತಾಯಿತು. ಸೂರ್ಯನ ಬಳಿ ಫೇಥಾನ್‌ಗೆ ಕಾಣುವ ಬಾಲ ಧೂಳಿನದಲ್ಲ, ಸೋಡಿಯಂ ಆವಿಯದು. ಹಾಗಾದರೆ ಜೆಮಿನಿಡ್ಸ್‌ಗೆ ಬೇಕಾದಷ್ಟು ಧೂಳು ಯಾವಾಗ, ಹೇಗೆ ಉದುರಿತು? ಆ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ಎಂದರೆ ಸಾರ್, 2004ರಲ್ಲಿ ನೀವು ಹೇಳಿದ ‘ಗೊತ್ತಿಲ್ಲ’ ಎಂಬುದೇ ಸರಿಯುತ್ತರ. ಅಂದು ಜಗತ್ತಿನ ದೊಡ್ಡ ವಿಜ್ಞಾನಿಗಳೂ ಖಚಿತವಾಗಿ ಹೇಳುವಂತಿರಲಿಲ್ಲ. ನಕ್ಕಿದ್ದಕ್ಕೆ ಇವತ್ತು ಎಲ್ಲರ ಎದುರು ಕ್ಷಮೆ ಕೇಳುತ್ತೇನೆ.

ಮಕ್ಕಳೇ, ಈ ಹುಡುಕಾಟದಲ್ಲಿ ನೀವೂ ಸೇರಬಹುದು. ‘ಆಕ್ಟಿವ್ ಆಸ್ಟರಾಯ್ಡ್ಸ್’ ಎಂಬ ಯೋಜನೆ 2021ರಲ್ಲಿ ಶುರುವಾಯಿತು. ಚಿಲಿ ದೇಶದ ದೂರದರ್ಶಕ ತೆಗೆದ ಚಿತ್ರಗಳಲ್ಲಿ ಬಾಲ ಇದೆಯೇ ಎಂದು ಸಾಮಾನ್ಯ ಜನ ನೋಡಿ ಹೇಳುತ್ತಾರೆ. ನಾನೂ ರಾತ್ರಿ ಊಟವಾದ ಮೇಲೆ ನೋಡುತ್ತೇನೆ. ಒಮ್ಮೆ ಹಿಂದಿದ್ದ ನಕ್ಷತ್ರದ ಮಸುಕನ್ನೇ ಬಾಲ ಎಂದು ಹಿಗ್ಗಿದ್ದೆ. ಒಂದೇ ಚಿತ್ರವನ್ನು ಹಲವರು ನೋಡುವುದರಿಂದ ನನ್ನ ತಪ್ಪಿನಿಂದ ಏನೂ ಕೆಡಲಿಲ್ಲ.

ಶಿಕ್ಷಕರಲ್ಲಿ ಒಂದು ವಿನಂತಿ. ಮಕ್ಕಳ ಮುಂದೆ ‘ಗೊತ್ತಿಲ್ಲ, ನೀನೇ ತಿಳಿದು ಬಾ’ ಎನ್ನಲು ಹಿಂಜರಿಯಬೇಡಿ. ಊರಿನವರಲ್ಲೂ ಒಂದು ವಿನಂತಿ. ಈ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಶಾಲೆಯ ಮೈದಾನದ ದೀಪ ಆರಿಸಿ, ಮಕ್ಕಳಿಗೆ ಉಲ್ಕೆ ತೋರಿಸಿ.